ಹ್ಯಾವ್ ಎಂದರೆ ‘ಹೊಂದಿದ್ದೇನೆ’ ಅಲ್ಲ

ಮೂರು ಮಾತು ನೋಡಿ. ‘ನಮ್ಮನೇಲಿ ಎರಡು ಹಸ ಅವೆ.’ ‘ನಂಗೊಬ್ಳು ತಂಗಿ ಅವ್ಳೆ.’ ‘ನನ್ತಾವ ಪೆನ್ನಿಲ್ಲ.’ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಶಾಲೆಯ ಹೊಸಿಲು ದಾಟುವ ಯಾವ ಮಗುವೂ ಈ ಮೂರನ್ನು ತಡವರಿಸದೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಹೇಳುವುದಾದರೆ ಮೂರಕ್ಕೂ ಒಂದೇ ಕ್ರಿಯಾಪದ ಬೇಕು: ವಿ ಹ್ಯಾವ್ ಟೂ ಕೌಸ್, ಐ ಹ್ಯಾವ್ ಎ ಸಿಸ್ಟರ್, ಐ ಡೋಂಟ್ ಹ್ಯಾವ್ ಎ ಪೆನ್. ಕನ್ನಡದ ಮೂರು ವಾಕ್ಯಗಳಲ್ಲಿ ಎಲ್ಲಿ ಹುಡುಕಿದರೂ ಆ ‘ಹ್ಯಾವ್’ ಸಿಗುವುದಿಲ್ಲ. ಹಸುಗಳು ಮನೆಯಲ್ಲಿ ಇವೆ, ತಂಗಿ ನನಗೆ ಇದ್ದಾಳೆ, ಪೆನ್ನು ನನ್ನ ಹತ್ತಿರ ಇಲ್ಲ. ಇರುವುದು ಮತ್ತು ಇಲ್ಲದಿರುವುದು, ಅಷ್ಟೇ. ಯಾರದು ಎಂಬುದನ್ನು ಹೇಳುವ ಕೆಲಸವನ್ನು ‘ಮನೇಲಿ’, ‘ನಂಗೆ’, ‘ನನ್ತಾವ’ ಎಂಬ ಮಾತುಗಳೇ ಮಾಡಿ ಮುಗಿಸುತ್ತವೆ.

ಈ ಮಗುವಿಗೆ ‘ಹ್ಯಾವ್’ ಹೇಳಿಕೊಡುವಾಗ ನಾವು ಏನು ಮಾಡುತ್ತೇವೆ? ಕಪ್ಪುಹಲಗೆಯ ಮೇಲೆ ‘ಹ್ಯಾವ್ = ಹೊಂದು’ ಎಂದು ಬರೆಯುತ್ತೇವೆ. ಕೆಳಗೆ ಉದಾಹರಣೆ: ಐ ಹ್ಯಾವ್ ಎ ಸಿಸ್ಟರ್ ಎಂದರೆ ‘ನಾನು ಒಬ್ಬ ಸಹೋದರಿಯನ್ನು ಹೊಂದಿದ್ದೇನೆ’. ಮಗು ಬಾಯಿಪಾಠ ಮಾಡುತ್ತದೆ. ಕಡಬದಲ್ಲಾಗಲಿ ತುಮಕೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾವ ಮನೆಯಲ್ಲಿ, ಯಾವ ಜಗಲಿಯ ಮೇಲೆ, ಯಾರು ತಂಗಿಯನ್ನು ಹೊಂದಿದ್ದಾರೆ? ಜೋಡಿ ಹೊಂದುತ್ತದೆ, ಅಂಗಿಗೆ ಬಣ್ಣ ಹೊಂದುತ್ತದೆ, ಸೊಸೆ ಅತ್ತೆ ಹೊಂದಿಕೊಂಡು ಹೋಗುತ್ತಾರೆ. ‘ಹೊಂದು’ವಿನ ಜೀವ ಅಲ್ಲಿದೆ. ಗೊತ್ತಿಲ್ಲದ ಇಂಗ್ಲಿಷ್ ಪದವನ್ನು ವಿವರಿಸಲು ಯಾರೂ ಆಡದ ಕನ್ನಡ ವಾಕ್ಯವೊಂದನ್ನು ನಾವೇ ತಯಾರಿಸಿ ಕೊಟ್ಟಿದ್ದೇವೆ. ಹೀಗಾಗಿ ಮಗು ಎರಡು ಪರಭಾಷೆಗಳನ್ನು ಒಟ್ಟಿಗೆ ಕಲಿಯಬೇಕಾಗಿದೆ.

ಇದು ಸಣ್ಣ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಅದಕ್ಕೂ ಮೊದಲಿನ ತಲೆಮಾರು ಐದನೇ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಿತ್ತು. ಕಡಬ ಹೋಬಳಿಯ ರಾಗಿ, ತೆಂಗು, ಅಡಿಕೆಯ ಮನೆಗಳಿಂದ ಬರುವ ಮಕ್ಕಳಿಗೆ ಇಂಗ್ಲಿಷ್ ಇವತ್ತು ದೂರದ ಸಂಗತಿಯಲ್ಲ. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕೆಲಸ ಸಿಗಲಿ, ಮಗ ಮಗಳು ನಾಲ್ಕು ಮಾತು ಇಂಗ್ಲಿಷ್ ಆಡಲಿ ಎಂದು ತಂದೆ ತಾಯಿ ಬಯಸುವುದರಲ್ಲಿ ತಪ್ಪೇನಿದೆ? ಆ ನಾಲ್ಕು ಮಾತಿನಲ್ಲಿ ಒಂದಾದರೂ ‘ಹ್ಯಾವ್’ ಇಲ್ಲದೆ ನಡೆಯುವುದಿಲ್ಲ. ಹೆಸರು ಹೇಳಿದ ಮೇಲೆ ಮನೆಯಲ್ಲಿ ಯಾರಿದ್ದಾರೆ, ಏನಿದೆ ಎಂದು ಹೇಳಲೂ ಅದೇ ಬೇಕು.

ಆದ್ದರಿಂದ ಮಗುವಿನ ಬಾಯಲ್ಲಿ ಈಗಾಗಲೇ ಇರುವ ಕನ್ನಡದಿಂದಲೇ ಶುರು ಮಾಡೋಣ. ಅದು ಬಹಳ ಸೂಕ್ಷ್ಮವಾದ ಕನ್ನಡ. ‘ಅವ್ರಿಗೆ ಮೂರೆಕರೆ ತೋಟ ಐತೆ’ ಎಂದರೆ ಒಡೆತನ, ಪಹಣಿಯಲ್ಲಿ ಹೆಸರಿದೆ ಎಂಬ ಅರ್ಥ. ‘ಅವ್ರ ತಾವ ನೂರು ರೂಪಾಯಿ ಐತೆ’ ಎಂದರೆ ಈ ಗಳಿಗೆಗೆ ಜೇಬಿನಲ್ಲೋ ಕೈಯಲ್ಲೋ ಇದೆ, ಅದು ಸಾಲ ತಂದ ದುಡ್ಡೂ ಆಗಿರಬಹುದು. ‘ನಂಗೊಬ್ಳು ತಂಗಿ ಅವ್ಳೆ’ ಎಂಬುದು ಹುಟ್ಟಿನಿಂದ ಬಂದ ಸಂಬಂಧ. ಅದನ್ನೇ ‘ತಂಗಿ ನನ್ತಾವ ಅವ್ಳೆ’ ಎಂದು ತಿರುಗಿಸಿದರೆ ಅರ್ಥವೇ ಬೇರೆ: ಅವಳು ಸದ್ಯ ನನ್ನ ಮನೆಯಲ್ಲಿ ಉಳಿದುಕೊಂಡಿದ್ದಾಳೆ, ಊರಿಗೆ ಹೋಗಿಲ್ಲ. ಜ್ವರ, ತಲೆನೋವು, ಧೈರ್ಯ, ಆಸೆ, ಪುರುಸೊತ್ತು ಇವೆಲ್ಲ ‘ನನಗೆ’ ಮಾತ್ರ ಇರುತ್ತವೆ, ‘ನನ್ನ ಹತ್ತಿರ’ ಇರುವುದಿಲ್ಲ. ‘ನನ್ನ ಹತ್ತಿರ ಜ್ವರ ಇದೆ’ ಎಂದರೆ ಮೂರು ವರ್ಷದ ಮಗುವೂ ನಗುತ್ತದೆ. ಮನೆಗೆ ಎರಡು ಬಾಗಿಲು, ಕೆರೆಗೆ ತೂಬು, ಎತ್ತಿಗೆ ಕೋಡು: ಒಂದು ವಸ್ತುವಿನ ಅಂಗವಾಗಿರುವುದೂ ‘ಗೆ’ ಹಚ್ಚಿಕೊಂಡೇ ಬರುತ್ತದೆ. ಇಷ್ಟು ಬಗೆಯ ಇರುವಿಕೆಯನ್ನು ಇಂಗ್ಲಿಷ್ ಒಂದೇ ‘ಹ್ಯಾವ್’ಗೆ ಒಪ್ಪಿಸಿಬಿಟ್ಟಿದೆ. ಒಂದು ಭಾಷೆ ಬಡವೆಂದೋ ಇನ್ನೊಂದು ಸಿರಿವಂತವೆಂದೋ ಇದರಿಂದ ತೀರ್ಮಾನಿಸಬೇಕಿಲ್ಲ. ಕನ್ನಡದ ಮಗು ಈ ಭೇದಗಳನ್ನೆಲ್ಲ ತಾಯಿಯ ಮಡಿಲಲ್ಲೇ ಕಲಿತು ಬಂದಿದೆ ಎಂಬುದನ್ನು ಕಲಿಸುವವರು ಮರೆಯಬಾರದು. ‘ನಿಂಗೆ ಏನೇನೈತೆ, ನಿನ್ತಾವ ಏನೇನೈತೆ, ನಿಮ್ಮನೇಲಿ ಏನೇನೈತೆ’ ಎಂದು ಕೇಳಿ, ಬಂದ ಉತ್ತರಗಳನ್ನು ಒಂದರ ಕೆಳಗೊಂದು ಬರೆದು, ‘ಇಂಗ್ಲಿಷಿನವರು ಈ ಎಲ್ಲಕ್ಕೂ ಹ್ಯಾವ್ ಅಂತಾರೆ’ ಎಂದರೆ ಸಾಕು. ಹೊಂದುವ ಗೊಡವೆಯೇ ಬೇಡ.

ಮುಂದಿನ ತೊಡಕು ಇನ್ನೂ ಸ್ವಾರಸ್ಯವಾದದ್ದು. ‘ಮೈ ಫಾದರ್ ಹ್ಯಾವ್ ಟೂ ಕೌಸ್’ ಎಂದು ಮಗು ಬರೆಯುತ್ತದೆ. ಟೀಚರ್ ಕೆಂಪು ಶಾಯಿಯಲ್ಲಿ ‘ಹ್ಯಾಸ್’ ಎಂದು ತಿದ್ದುತ್ತಾರೆ. ಮರುದಿನ ಮತ್ತೆ ಅದೇ. ಇದನ್ನು ಅಲಕ್ಷ್ಯ ಎನ್ನುವವರು ಕನ್ನಡ ವಾಕ್ಯವನ್ನು ಒಮ್ಮೆ ಬಿಡಿಸಿ ನೋಡಬೇಕು. ನನಗೆ ತಮ್ಮ ಇದ್ದಾನೆ, ನನಗೆ ತಂಗಿ ಇದ್ದಾಳೆ, ನನಗೆ ಮನೆ ಇದೆ, ನನಗೆ ಹಸುಗಳು ಇವೆ. ಇಲ್ಲಿ ಕ್ರಿಯಾಪದ ಯಾರನ್ನು ನೋಡಿ ರೂಪ ಬದಲಿಸುತ್ತಿದೆ? ನನ್ನನ್ನಲ್ಲ, ನನಗೆ ಇರುವುದನ್ನು. ತಮ್ಮನಾದರೆ ಗಂಡಾಗಿ, ತಂಗಿಯಾದರೆ ಹೆಣ್ಣಾಗಿ, ಹಸುಗಳಾದರೆ ಬಹುವಚನವಾಗಿ ಅದು ಬದಲಾಗುತ್ತದೆ. ‘ನನಗೆ’ ಇರಲಿ, ‘ಅಪ್ಪನಿಗೆ’ ಇರಲಿ, ‘ಊರವರಿಗೆ’ ಇರಲಿ, ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇಂಗ್ಲಿಷ್ ಇದಕ್ಕೆ ಪೂರಾ ತಿರುವುಮುರುವು. ಅಲ್ಲಿ ಹಸು ಒಂದಿರಲಿ ನೂರಿರಲಿ, ಇಟ್ಟುಕೊಂಡವರು ಯಾರು ಎಂಬುದೊಂದೇ ಲೆಕ್ಕ. ಅಪ್ಪ ಒಬ್ಬನೇ ಆದ್ದರಿಂದ ಹ್ಯಾಸ್, ಅಪ್ಪ ಅಮ್ಮ ಇಬ್ಬರಾದರೆ ಹ್ಯಾವ್. ಹಸು ಎರಡಿವೆ ಎಂದು ‘ಹ್ಯಾವ್’ ಬರೆದ ಮಗು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿರಬಹುದು ಎಂಬುದು ನನ್ನ ಊಹೆ. ಅದಕ್ಕೆ ಬೇಕಾದದ್ದು ಕೆಂಪು ಗೆರೆಗಿಂತ ಹೆಚ್ಚಾಗಿ ‘ಕನ್ನಡದಲ್ಲಿ ಹಸ ನೋಡಪ್ಪ, ಇಂಗ್ಲಿಷಲ್ಲಿ ಹಸ ಯಾರ್ದು ಅಂತ ನೋಡು’ ಎಂಬ ಒಂದು ಮಾತು.

‘ಗೆ’ ಎಂಬ ಈ ಪ್ರತ್ಯಯದ ಬಗ್ಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ, ಅದೂ ಕಡಬದಲ್ಲಿ ನಿಂತು. ಈ ಊರಿನ ಹೆಸರು ಇತಿಹಾಸದ ಪುಸ್ತಕಗಳಿಗೆ ಸೇರಿದ್ದೇ ಒಂದು ದಾನಪತ್ರದ ದೆಸೆಯಿಂದ. ರಾಷ್ಟ್ರಕೂಟ ದೊರೆ ಮೂರನೇ ಗೋವಿಂದನ ಹೆಸರಿನ, ಶಕವರ್ಷ 735ರ ಕಡಬದ ತಾಮ್ರಪಟ, ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಾಲಮಂಗಲವೆಂಬ ಊರನ್ನು ದಾನ ಕೊಟ್ಟದ್ದನ್ನು ಹೇಳುತ್ತದೆ. ಕುನುಂಗಿಲ್ ದೇಶವನ್ನು, ಎಂದರೆ ನಮ್ಮ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಪೀಡೆಯನ್ನು ಆ ಮುನಿ ಬಿಡಿಸಿದ್ದರ ಉಲ್ಲೇಖವೂ ಅದರಲ್ಲಿದೆ. ದಾನಶಾಸನಗಳಲ್ಲಿ ಪಡೆದವರ ಹೆಸರು ಸಾಮಾನ್ಯವಾಗಿ ಬರುವುದು ಚತುರ್ಥೀ ವಿಭಕ್ತಿಯಲ್ಲಿ, ಇಂಥವರಿಗೆ ಎಂದು. ಶಾಲೆಯ ವ್ಯಾಕರಣದ ಪಟ್ಟಿಯಲ್ಲಿ ಚತುರ್ಥಿಯ ಎದುರು ‘ಸಂಪ್ರದಾನ’ ಎಂದಿರುತ್ತದೆ, ಎಂದರೆ ಕೊಡುವಿಕೆ. ಕೊಡುವುದಕ್ಕೆ ಬಳಸುವ ಅದೇ ‘ಗೆ’ಯನ್ನು ಕನ್ನಡ ಇರುವುದಕ್ಕೂ ಬಳಸುತ್ತದೆ. ಮಗಳಿಗೆ ಬಳೆ ಕೊಟ್ಟೆ, ಮಗಳಿಗೆ ಬಳೆ ಇದೆ. ಕೊಟ್ಟಿದ್ದು ಯಾರ ಕಡೆಗೆ ಹೋಯಿತೋ ಅವರಿಗೇ ಅದು ಇರುತ್ತದೆ.

ಇಂಗ್ಲಿಷಿನ ದಾರಿ ಬೇರೆ. ಅಲ್ಲಿನ ‘ಹ್ಯಾವ್’ ಹಳೆಯ ಇಂಗ್ಲಿಷಿನ ‘ಹಬ್ಬನ್’ನಿಂದ ಬಂದದ್ದು. ಅದರ ಮೂಲ ಧಾತು, ಭಾಷಾಶಾಸ್ತ್ರಜ್ಞರ ಪ್ರಕಾರ, ಲ್ಯಾಟಿನ್ನಿನ ‘ಕಪೆರೆ’ಗೂ ಮೂಲವಾದದ್ದು. ಕಪೆರೆ ಎಂದರೆ ಹಿಡಿ, ಕೈಗೆ ತೆಗೆದುಕೋ. ಲ್ಯಾಟಿನ್ನಿನಲ್ಲಿ ಕಕಾರವಿರುವ ಕಡೆ ಜರ್ಮಾನಿಕ್ ನುಡಿಗಳಲ್ಲಿ ಹಕಾರವಿರುವುದು ನಿಯಮ. ಅಲ್ಲಿನ ‘ಕೆಂಟುಮ್’ ಮತ್ತು ಇಲ್ಲಿನ ‘ಹಂಡ್ರೆಡ್’ ಒಂದೇ ಮೂಲದವು. ಅರ್ಥದಲ್ಲೂ ರೂಪದಲ್ಲೂ ‘ಹ್ಯಾವ್’ನ ಅವಳಿಯಂತೆ ಕಾಣುವ ಲ್ಯಾಟಿನ್ ‘ಹಬೆರೆ’ಗೂ ಇದಕ್ಕೂ ನಂಟಿಲ್ಲ ಎಂಬುದು ಭಾಷಾಶಾಸ್ತ್ರ ಓದುವವರಿಗೆಲ್ಲ ಮೊದಲು ಹೇಳುವ ಎಚ್ಚರಿಕೆ. ಅಂತೂ ಹಿಡಿದುಕೊಂಡದ್ದು ನಿಧಾನವಾಗಿ ಇಟ್ಟುಕೊಂಡದ್ದಾಗಿ, ಇಟ್ಟುಕೊಂಡದ್ದು ತನ್ನದಾಗಿ ಅರ್ಥ ಬೆಳೆಯಿತು. ಅದಕ್ಕೇ ಅಲ್ಲಿ ‘ನಾನು’ ವಾಕ್ಯದ ಮುಂದೆ ಬಂದು ಕರ್ತೃವಾಗಿ ನಿಲ್ಲುತ್ತೇನೆ.

ಕನ್ನಡದ ರೀತಿ ಅಪರೂಪದ್ದೇನೂ ಅಲ್ಲ. ತಮಿಳು, ತೆಲುಗು, ಮಲಯಾಳಗಳು ನಮ್ಮಂತೆಯೇ. ಹಿಂದಿಯವರು ‘ಮೇರೆ ಪಾಸ್’ ಎನ್ನುತ್ತಾರೆ. ರಷ್ಯನ್ನರು ‘ಉ ಮೆನ್ಯಾ ಯೆಸ್ತ್’ ಎಂದರೆ ಅದು ನಮ್ಮ ‘ನನ್ತಾವ ಐತೆ’ಯೇ. ಲ್ಯಾಟಿನ್ನಿನಲ್ಲಿ ‘ಹಬೆರೆ’ಯ ಜೊತೆಗೆ ‘ಮಿಹಿ ಎಸ್ಟ್’ ಎಂಬುದೂ ಇತ್ತು, ಪದಕ್ಕೆ ಪದ ‘ನನಗೆ ಇದೆ’. ಜಗತ್ತಿನ 240 ಭಾಷೆಗಳನ್ನು ಈ ಒಂದು ವಿಷಯಕ್ಕಾಗಿ ಹೋಲಿಸಿದ ಲಿಯೋನ್ ಸ್ಟಾಸೆನ್ ಎಂಬ ಭಾಷಾಶಾಸ್ತ್ರಜ್ಞರ ಪಟ್ಟಿಯಲ್ಲಿ ‘ಹ್ಯಾವ್’ನಂಥ ಕ್ರಿಯಾಪದದಿಂದ ಒಡೆತನ ಹೇಳುವ ಭಾಷೆಗಳು 63, ಕಾಲು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಇಂಗ್ಲಿಷ್ ಬಾರದ ಹುಡುಗ ತನ್ನ ಭಾಷೆಯಲ್ಲೇ ಏನೋ ಕೊರತೆಯಿದೆ ಎಂದುಕೊಂಡಿದ್ದರೆ ಈ ಲೆಕ್ಕವನ್ನು ಅವನಿಗೆ ತೋರಿಸಬೇಕು.

ಈಗ ‘ಹ್ಯಾವ್’ನ ಇನ್ನೊಂದು ಮುಖ. ‘ಐ ಹ್ಯಾವ್ ರಿಟನ್ ಎ ಲೆಟರ್.’ ಇಲ್ಲಿ ಒಡೆತನದ ಮಾತೇ ಇಲ್ಲ. ‘ಹೊಂದು’ ಎಂದು ಕಲಿತ ಮಗು ಇಲ್ಲಿ ಕಕ್ಕಾಬಿಕ್ಕಿಯಾಗುತ್ತದೆ. ‘ನನಗೆ ಇದೆ’ ಎಂದು ಕಲಿತ ಮಗುವಿಗೆ ಮಾತ್ರ ಒಂದು ಅನುಕೂಲವಿದೆ. ‘ಬರೆದಿದ್ದೇನೆ’ ಎಂಬ ಕನ್ನಡ ಪದವನ್ನು ಬಿಡಿಸಿದರೆ ಬರೆದು, ಇದ್ದೇನೆ. ಮತ್ತೆ ಅದೇ ‘ಇರು’! ಇಂಗ್ಲಿಷ್ ತನ್ನ ಹ್ಯಾವ್ ಅನ್ನು ಎಲ್ಲೆಲ್ಲಿ ಸಹಾಯಕ್ಕೆ ಕರೆಯುತ್ತದೋ ಅಲ್ಲಿ ಕನ್ನಡ ತನ್ನ ಇರು ಧಾತುವನ್ನು ಕರೆಯುತ್ತದೆ. ಒಡೆತನಕ್ಕೂ ಅದೇ ಜೋಡಿ, ಮುಗಿದ ಕೆಲಸಕ್ಕೂ ಅದೇ ಜೋಡಿ. ಬಂದಿದ್ದಾರೆ ಎಂದರೆ ಹ್ಯಾವ್ ಕಮ್, ನೋಡಿದ್ದೇನೆ ಎಂದರೆ ಹ್ಯಾವ್ ಸೀನ್, ತಂದಿದ್ದೀಯಾ ಎಂದರೆ ಹ್ಯಾವ್ ಯೂ ಬ್ರಾಟ್. ಇಂಗ್ಲಿಷಿನಲ್ಲೂ ಮೊದಲು ‘ಬರೆದ ಕಾಗದ ನನ್ನಲ್ಲಿದೆ’ ಎಂಬರ್ಥದ ವಾಕ್ಯವೇ ಕ್ರಮೇಣ ‘ಕಾಗದ ಬರೆದಿದ್ದೇನೆ’ ಎಂದಾಯಿತು.

ಈ ಜೋಡಿ ಒಂದು ಕಡೆ ಮಾತ್ರ ಕೈಕೊಡುತ್ತದೆ, ಅದನ್ನು ಮೊದಲೇ ಹೇಳಿಬಿಡಬೇಕು. ‘ನಿನ್ನೆ ತುಮಕೂರಿಗೆ ಹೋಗಿದ್ದೆ’ ಎನ್ನುತ್ತೇವೆ. ಹೋಗಿ ಬಂದೆ, ಈಗ ಊರಲ್ಲಿದ್ದೇನೆ ಎಂಬ ಭಾವ ಅದರಲ್ಲಿದೆ. ಇದನ್ನೇ ಇಂಗ್ಲಿಷಿಗೆ ಸಾಗಿಸಿ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ತುಮಕೂರು’ ಎಂದು ಕನ್ನಡಿಗರು, ದೊಡ್ಡ ಓದು ಓದಿದವರೂ, ಧಾರಾಳವಾಗಿ ಹೇಳುತ್ತಾರೆ. ಅಲ್ಲಿ ಬೇಕಾದದ್ದು ಬರೀ ‘ವೆಂಟ್’. ‘ಹ್ಯಾಡ್ ಗಾನ್’ ಬರುವುದು ಅದಾದ ಮೇಲೆ ನಡೆದ ಇನ್ನೊಂದು ಘಟನೆಯ ಮಾತೂ ಜೊತೆಗಿದ್ದಾಗ: ಬಸ್ಸು ಬರುವ ಹೊತ್ತಿಗೆ ಅವನು ಹೊರಟುಹೋಗಿದ್ದ, ಎಂಬಂಥ ಕಡೆ. ಒಂಟಿ ಘಟನೆಗೆ, ಅದೂ ನಿನ್ನೆ, ಮೊನ್ನೆ, ಹೋದ ವಾರ ಎಂದು ಕಾಲ ಹೇಳಿದ ಮೇಲೆ, ಇಂಗ್ಲಿಷ್ ಹ್ಯಾವನ್ನೂ ಹ್ಯಾಡನ್ನೂ ಕರೆಯುವುದಿಲ್ಲ.

ಇನ್ನು ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’. ಇದು ಕನ್ನಡಿಗರದ್ದಷ್ಟೇ ಅಲ್ಲ, ಭಾರತದ ಉದ್ದಗಲಕ್ಕೂ ಕೇಳುವ ವಾಕ್ಯ. ನಮ್ಮ ಕಡೆ ಅದಕ್ಕೆ ‘ಹೊಂದಿದ್ದೇನೆ’ಯೂ ಒಂದಿಷ್ಟು ಕುಮ್ಮಕ್ಕು ಕೊಟ್ಟಿರಬೇಕೆಂದು ನನ್ನ ಅನುಮಾನ: ಕೊನೆಯಲ್ಲಿ ‘ಇದ್ದೇನೆ’ ಕಂಡೊಡನೆ ಕೈ ‘ಐ ಆಮ್’ ಎಂದು ಬರೆಯತೊಡಗುತ್ತದೆ. ಇದನ್ನು ತಪ್ಪಿಸಲು ಒಂದು ಸುಲಭದ ಪರೀಕ್ಷೆಯಿದೆ. ನೀವು ಹೇಳಬೇಕೆಂದಿರುವುದನ್ನು ಮೊದಲು ಮನೆಮಾತಿನಲ್ಲಿ ಹೇಳಿಕೊಳ್ಳಿ. ಅದರಲ್ಲಿ ‘-ತಾ ಇದ್ದೀನಿ’ ಬರುತ್ತದೆಯೇ? ‘ಊಟ ಮಾಡ್ತಾ ಇದ್ದೀನಿ’ ಸರಿಯಾಗಿ ಕೇಳಿಸುತ್ತದೆ, ಹಾಗಾಗಿ ‘ಐ ಆಮ್ ಹ್ಯಾವಿಂಗ್ ಲಂಚ್’ ಕೂಡ ಸರಿ. ‘ಕಾಫಿ ಕುಡೀತಾ ಇದ್ದೀನಿ’, ‘ಐ ಆಮ್ ಹ್ಯಾವಿಂಗ್ ಕಾಫಿ’, ಅದೂ ಸರಿ. ‘ನನಗೆ ಇಬ್ಬರು ಅಣ್ಣಂದಿರು ಇರ್ತಾ ಇದ್ದಾರೆ’ ಎಂದು ಯಾರಾದರೂ ಹೇಳುತ್ತಾರೆಯೇ? ಹೇಳುವುದಿಲ್ಲ. ಅಲ್ಲಿ ಇಂಗ್ಲಿಷಿನಲ್ಲೂ ‘ಇಂಗ್’ ಸೇರುವುದಿಲ್ಲ, ‘ಐ ಹ್ಯಾವ್ ಟೂ ಬ್ರದರ್ಸ್’ ಅಷ್ಟೇ. ಕನ್ನಡದಲ್ಲಿ ‘ಇದೆ’ ಎಂದು ನಿಲ್ಲುವ ಕಡೆ ಇಂಗ್ಲಿಷ್ ಬರೀ ‘ಹ್ಯಾವ್’ ಎಂದು ನಿಲ್ಲುತ್ತದೆ, ಕನ್ನಡದಲ್ಲಿ ಮಾಡುವ, ತಿನ್ನುವ, ಕುಡಿಯುವ ಕಡೆ ಅದು ‘ಹ್ಯಾವಿಂಗ್’ ಆಗಬಲ್ಲದು. ಮಗುವಿಗೆ ಸ್ಥಿತಿವಾಚಕ, ಕ್ರಿಯಾವಾಚಕ ಎಂಬ ದೊಡ್ಡ ಹೆಸರುಗಳ ಅಗತ್ಯವೇ ಇಲ್ಲ, ಅದರ ಕಿವಿಯೇ ಹೇಳುತ್ತದೆ.

ಊಟದ ಮಾತು ಬಂತಲ್ಲ. ನಮ್ಮ ಕಡೆ ಹಾದಿಯಲ್ಲಿ ಎದುರಾದವರನ್ನು ಮಾತನಾಡಿಸುವುದೇ ‘ಊಟ ಆಯ್ತಾ’ ಎಂದು. ಎರಡೇ ಪದ. ಇಂಗ್ಲಿಷಿಗೆ ಅದು ‘ಹ್ಯಾವ್ ಯೂ ಹ್ಯಾಡ್ ಯುವರ್ ಲಂಚ್’, ಒಂದೇ ಪ್ರಶ್ನೆಯಲ್ಲಿ ಹ್ಯಾವ್ ಎರಡು ಬಾರಿ! ಮೊದಲನೆಯದು ಸಹಾಯಕ್ಕೆ ಬಂದದ್ದು, ಎರಡನೆಯದು ಉಣ್ಣುವ ಕೆಲಸದ್ದು. ಈ ಒಂದು ವಾಕ್ಯವನ್ನು ಚೆನ್ನಾಗಿ ಬಿಡಿಸಿ ಹೇಳಿದರೆ ‘ಹ್ಯಾವ್’ನ ಅರ್ಧ ಪಾಠ ಮುಗಿದಂತೆ.

‘ಇಲ್ಲ’ ಬಗ್ಗೆ ಒಂದೆರಡು ಮಾತು ಸಾಕು. ಕನ್ನಡದ ‘ಇಲ್ಲ’ ಲಿಂಗ, ವಚನ, ಪುರುಷ ಯಾವುದಕ್ಕೂ ಬದಲಾಗದೆ ಒಂಟಿಯಾಗಿ ನಿಲ್ಲಬಲ್ಲದು. ಇಂಗ್ಲಿಷ್ ಇಲ್ಲಿ ‘ಡೂ’ ಎಂಬ ಇನ್ನೊಬ್ಬರನ್ನು ಕರೆತರುತ್ತದೆ: ಐ ಡೋಂಟ್ ಹ್ಯಾವ್, ಶಿ ಡಸಂಟ್ ಹ್ಯಾವ್. ‘ಡಸಂಟ್’ ಬಂದ ಮೇಲೆ ‘ಹ್ಯಾಸ್’ ಹಾಕುವಂತಿಲ್ಲ, ಸಕಾರ ಡಸ್‌ನಲ್ಲೇ ಮುಗಿಯಿತು. ‘ಹ್ಯಾವ್ ಟು’ ನಮ್ಮ ‘ಬೇಕು’ವಿಗೆ ಹತ್ತಿರ, ಬಾಯಲ್ಲಿ ಅದು ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ. ನಮ್ಮ ‘ಬೇಕು’ ಆಸೆಗೂ ಆಗುತ್ತದೆ, ಅನಿವಾರ್ಯಕ್ಕೂ ಆಗುತ್ತದೆ. ಜಾತ್ರೆಗೆ ಹೋಗಬೇಕು ಎಂಬುದು ಮನಸ್ಸು, ಆಸ್ಪತ್ರೆಗೆ ಹೋಗಬೇಕು ಎಂಬುದು ವಿಧಿಯಿಲ್ಲದ್ದು. ಎರಡನೆಯದಕ್ಕಷ್ಟೇ ‘ಹ್ಯಾವ್ ಟು’.

‘ಹೊಂದಿದೆ’ಯ ಮೇಲೆ ನನಗೆ ಇಷ್ಟು ಸಿಟ್ಟು ಏಕೆಂದರೆ ಅದು ಇಂಗ್ಲಿಷ್ ತರಗತಿಯಲ್ಲೇ ಉಳಿದಿಲ್ಲ. ‘ಗ್ರಾಮವು ಮುನ್ನೂರು ಮನೆಗಳನ್ನು ಹೊಂದಿದೆ’, ‘ಆಸ್ಪತ್ರೆಯು ಮೂವತ್ತು ಹಾಸಿಗೆಗಳನ್ನು ಹೊಂದಿದೆ’, ‘ಅವರು ಉತ್ತಮ ಅನುಭವವನ್ನು ಹೊಂದಿದ್ದಾರೆ’ ಎಂದು ಪತ್ರಿಕೆಗಳು ಬರೆಯುತ್ತವೆ, ಸರ್ಕಾರಿ ಕಾಗದಗಳು ಬರೆಯುತ್ತವೆ, ಕನ್ನಡ ಮಾಧ್ಯಮದ ವಿಜ್ಞಾನ ಪಾಠಗಳೂ ಬರೆಯುತ್ತವೆ. ಊರಲ್ಲಿ ಮುನ್ನೂರು ಮನೆ ಇವೆ, ಅವರಿಗೆ ಒಳ್ಳೆಯ ಅನುಭವವಿದೆ ಎಂದರೆ ಏನು ಕಡಿಮೆಯಾಯಿತು? ಇಂಗ್ಲಿಷ್ ಕಲಿಸಲು ಕಟ್ಟಿದ ಅಟ್ಟಣಿಗೆ ಕನ್ನಡದ ಗೋಡೆಗೇ ಅಂಟಿಕೊಂಡುಬಿಟ್ಟಿದೆ.

ಇದನ್ನು ಹೇಳುವಾಗ ಇದೇ ತುಮಕೂರು ಸೀಮೆಯ ಇಬ್ಬರು ನೆನಪಾಗುತ್ತಾರೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಅವರು ಪದಕ್ಕೆ ಪದ ಜೋಡಿಸಲಿಲ್ಲ, ಕನ್ನಡದ ಜಾಯಮಾನಕ್ಕೆ ಒಗ್ಗುವ ಹೊಸ ಲಯಗಳನ್ನೇ ಹುಡುಕಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ತಲೆಮಾರುಗಟ್ಟಲೆ ವಿದ್ಯಾರ್ಥಿಗಳು ಓದಿದ್ದಾರೆ. ಆಮೇಲೆ ಡಿ.ಎನ್.ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು. ಅವರ ತಕರಾರು ಮುಖ್ಯವಾಗಿ ಸಂಸ್ಕೃತದ ಅಚ್ಚಿನ ಬಗ್ಗೆ. ಇಂಗ್ಲಿಷಿನ ಅಚ್ಚಿಗೂ ಅದೇ ತಕರಾರು ಸಲ್ಲುತ್ತದೆಂದು ನಾನು ತಿಳಿದಿದ್ದೇನೆ. ಎರಡೂ ಭಾಷೆಗಳನ್ನು ಬಲ್ಲ ಹಿರಿಯರು ಇದ್ದ ಸೀಮೆಯಲ್ಲಿ ಒಂದನೇ ತರಗತಿಯ ಮಗುವಿಗೆ ಎರಡನ್ನೂ ಕೆಡಿಸಿ ಕೊಡುವುದು ನ್ಯಾಯವಲ್ಲ.

ಕೊನೆಯದಾಗಿ ಕಲಿಸುವ ಕ್ರಮದ ಬಗ್ಗೆ ಒಂದು ಸಲಹೆ, ಟೀಚರುಗಳು ಬೇಕಿದ್ದರೆ ಮಾಡಿ ನೋಡಲಿ. ಎಲ್ಲರೂ ‘ಐ ಹ್ಯಾವ್, ಹಿ ಹ್ಯಾಸ್’ ಎಂದು ಶುರು ಮಾಡುತ್ತಾರೆ. ನಾನಾದರೆ ‘ಹ್ಯಾಡ್’ನಿಂದ ಶುರು ಮಾಡುತ್ತೇನೆ. ಭೂತಕಾಲದಲ್ಲಿ ಕಷ್ಟವೆಲ್ಲ ಕನ್ನಡದ ಪಾಲಿಗೆ: ಇದ್ದನು, ಇದ್ದಳು, ಇದ್ದರು, ಇತ್ತು, ಇದ್ದವು. ಇಂಗ್ಲಿಷಿಗೆ ಐ, ಯೂ, ಹಿ, ಶಿ, ದೇ, ವಿ ಯಾವುದೇ ಬರಲಿ, ಒಂದೇ ‘ಹ್ಯಾಡ್’. ಹ್ಯಾಸೋ ಹ್ಯಾವೋ ಎಂಬ ತಾಪತ್ರಯವೇ ಇಲ್ಲ. ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ‘ಅವಾಗ ನಿಮ್ಮನೇಲಿ ಏನೇನಿತ್ತು’ ಎಂದು ಕೇಳಿಕೊಂಡು ಬರಲಿ. ಅಜ್ಜಿಗೆ ಕುರಿ ಇದ್ದವು, ಕಣಜ ಇತ್ತು, ಮೂವರು ಅಕ್ಕಂದಿರು ಇದ್ದರು. ಮರುದಿನ ತರಗತಿಯಲ್ಲಿ ‘ಮೈ ಗ್ರ್ಯಾಂಡ್‌ಮದರ್ ಹ್ಯಾಡ್ ಟೆನ್ ಶೀಪ್’ ಎಂದು ಒಬ್ಬ, ‘ಮೈ ಗ್ರ್ಯಾಂಡ್‌ಮದರ್ ಹ್ಯಾಡ್ ತ್ರೀ ಸಿಸ್ಟರ್ಸ್’ ಎಂದು ಇನ್ನೊಬ್ಬಳು ಹೇಳುತ್ತಾ ಹೋದರೆ ತಪ್ಪಲು ಜಾಗವೇ ಇಲ್ಲ. ಆ ಧೈರ್ಯ ಬಂದ ಮೇಲೆ ಇವತ್ತಿನ ಮನೆಗೆ ಬರೋಣ, ಹಸು ಯಾರದು ಎಂದು ಕೇಳೋಣ, ‘ಹ್ಯಾಸ್’ ಆಗ ತಾನಾಗಿ ಬೇಕಾಗುತ್ತದೆ.